ಬೂಟಿನ ಲೇಸು

ಫೋರ್ಟ್ ವೇನ್, ನವೆಂಬರ್. ಶಾಲೆಯ ಜಿಮ್ಮಿನೊಳಗೆ
ಮತದ ಸಾಲು. ನನ್ನ ಮುಂದೆ ದೋ ಖಿನ್ ತೆಟ್,
ಹೋಟೆಲ್ ಲಾಂಡ್ರಿಯಲ್ಲಿ ಬೆಡ್‌ಶೀಟು ಮಡಚುವಾಕೆ.

ಅವಳ ಕಡೆಯವರು ಹೇಳುತ್ತಾರೆ:
ಮಂಡಾಲೆಯ ಬೀದಿ, ಬೆನ್ನ ಹಿಂದೆ ಸಾವಿರ ಜನ,
ಎದೆಗೆ ಬಂದೂಕು ಗುರಿಯಿಟ್ಟ ಹುಡುಗನಿಗೆ
ಇವಳು ಅಂದದ್ದು ಇಷ್ಟೇ:
"ಲೇಸು ಬಿಚ್ಚಿದೆ ಕಣಪ್ಪಾ, ಎಡವಿಬಿಟ್ಟೀಯ."
ಅವನು ಕೆಳಗೆ ನೋಡಿದ.
ನಳಿಗೆಯೂ ನೋಡಿತು.

ಆಮೇಲೆ ಒಂಬತ್ತು ವರ್ಷ ಜೈಲು.
ಕೇಳಿದರೆ ಅಲ್ಲಿಯ ಸೊಳ್ಳೆಗಳನ್ನಷ್ಟೇ ಬೈಯುತ್ತಾಳೆ.

ಲೇಸೆಂದರೆ ನನ್ನ ಭಾಷೆಯಲ್ಲಿ ಒಳಿತು ಕೂಡ,
ಅಂದೆ. ನಕ್ಕಳು. ಅಷ್ಟರಲ್ಲಿ ಸರದಿ ಬಂತು.
ಅರವತ್ತೆಂಟಕ್ಕೆ
ಲೆಕ್ಕಕ್ಕೆ ಬರುವ ಮೊದಲ ಓಟು.
ಮರೆಯ ಹಿಂದೆ ಎಷ್ಟು ಹೊತ್ತು ನಿಂತಳೆಂದರೆ
ಸಾಲು ಗೊಣಗತೊಡಗಿತು.

ನಾನು ಸುಮ್ಮನೆ ಬಗ್ಗಿ
ನನ್ನ ಬೂಟು ನೋಡಿಕೊಂಡೆ.