ಕಂಬದ ನೆಳ್ಳು

ಗಲಗಲಿ ಕ್ರಾಸಿನಾಗ ಗಿಡ ಇಲ್ಲ.
ಇದ್ದ ಒಂದು ಬೇವು ರಸ್ತೆ ಅಗಲ ಮಾಡುಮುಂದ ಹೋತು.
ಉಳಿದದ್ದು ಒಂದು ಕರೆಂಟಿನ ಕಂಬ,
ಅದರ ನೆಳ್ಳಿನ್ಯಾಗ ನಾವು ಏಳು ಮಂದಿ
ಒಬ್ಬರ ಹಿಂದ ಒಬ್ಬರು,
ರೇಷನ್ ಪಾಳಿ ನಿಂತಂಗ.

ಕೃಷ್ಣಿ ಕಡಿಂದ ಬರೋದು ಗಾಳಿ ಅಲ್ಲ,
ಇಡ್ಲಿ ಪಾತ್ರಿ ಮುಚ್ಚಳ ತಗದಾಗ
ಮಾರಿಗೆ ಬಡಿಯೋ ಹಬಿ.
ಹಿನ್ನೀರು ನಿಂತ ಮ್ಯಾಲ ಬಿಸಲು ಕೆಟ್ಟೈತಿ ಅಂತಾರ ಹಿರ್ಯಾರು:
ಮೊದಲ ಹಪ್ಪಳದಂಗ ಸುಡತಿತ್ತು,
ಬೆವರು ಹುಟ್ಟಿದಲ್ಲೇ ಆರತಿತ್ತು;
ಈಗ ಕುದಸತೈತಿ.
ಬೆನ್ನಿಗೆ ಅಂಟಿದ ಅಂಗಿ
ಕರೀದ ಬಂದ ಬೀಗನಂಗ, ಏಳಂಗಿಲ್ಲ.

ನನ್ನ ಹೆಗಲಿಗೆ ಚೀಲ, ಚೀಲದಾಗ ತೂಕದ ಕಲ್ಲು.
ಸಂತಿ ಸಂತಿ ತಿರಗಿ ತಕ್ಕಡಿ ರಿಪೇರಿ ಮಾಡಾಂವ ನಾನು.
ಬ್ಯಾಸಗ್ಯಾಗ ತಿರಗೂ ವಿದ್ಯಾ ಅಪ್ಪ ಕಲಿಸಿದ್ದು:
ಕಿಸೇದಾಗ ಉಳ್ಳಾಗಡ್ಡಿ,
ಟೊಪಗಿ ಒಳಗ ಔಡಲ ಎಲಿ,
ಬಾಟ್ಲಿಗೆ ಒದ್ದಿ ಕಾಲಚೀಲ ತೊಡಿಸಿ ಗಾಳಿಗೆ ನೇತಹಾಕು,
ನೀರು ಕಂಡಲ್ಲಿ ಗಟಗಟ ಕುಡೀಬ್ಯಾಡ, ಮೊದಲ ಮುಂಗೈ ತೊಳಿ.
ಎಲ್ಲಾ ಮಾಡೀನಿ.
ಇವತ್ತ ಕಾಲಚೀಲ ಸೈತ ಆರವಲ್ದು,
ಒಳಗಿನ ನೀರು ಚಹಾಕ್ಕ ಇಟ್ಟಂಗ ಐತಿ.

ನೆಳ್ಳು ಸರದಂಗ ನಾವೂ ಸರೀತೀವಿ.
ಮೊದಲನೇ ಜಾಗ ಬಾಳವ್ವಂದು, ಕೂಸಿನ ಸಲುವಾಗಿ;
ಅದನ್ನ ಯಾರೂ ಠರಾವು ಮಾಡಲಿಲ್ಲ.
ಅಕಿ ಹಿಂದ ಹುಸೇನಸಾಬ ಬಾಗವಾನ, ಕಾಲಾಗ ಸೌತಿಕಾಯಿ ಬುಟ್ಟಿ;
ಇಳಕಲ್ಲ ಸೀರಿ ಗಂಟಿನ ತುಳಜಾಬಾಯಿ;
ಗಣಿತದಾಗ ಫೇಲಾಗಿ ಮುಧೋಳಕ್ಕ ಟ್ಯೂಷನ್‌ಗೆ ಹೊಂಟ ಹುಡುಗ;
ಇಬ್ಬರು ಗೌಂಡಿ, ಮಾತಿಲ್ಲ ಕತಿಯಿಲ್ಲ;
ಕಡೀಕ ನಾನು.
ಹುಸೇನಸಾಬ ಒಂದು ಸೌತಿ ಸೀಳಿ
ಉಪ್ಪು ಹಚ್ಚಿ ಹಿಂದಕ ದಾಟಿಸಿದ.
ನನ್ನ ಕೈಗೆ ಬರೂತನಕ ಉಪ್ಪು ನೀರಾಗಿತ್ತು.
ರೊಕ್ಕ ಕೇಳಲಿಲ್ಲ. ಕೊಟ್ಟಿದ್ರ ಬೈತಿದ್ದ.

ಹನ್ನೊಂದು. ನೆಳ್ಳು ನನ್ನ ಕಾಲಿಂದ ಜಾರಿತು.
ಹನ್ನೊಂದೂವರಿ. ಗೌಂಡಿಗಳು ಬಿಸಲಿಗೆ ಬಿದ್ರು,
ಟಾವೆಲ್ ಒದ್ದಿ ಮಾಡಿ ತಲಿಗೆ ಸುತ್ತಿಕೊಂಡ್ರು.
ಹನ್ನೆರಡು ಹೊಡದ ಮ್ಯಾಲ
ಬಾಳವ್ವ ಕಂಬಕ್ಕ ಬೆನ್ನು ಹಚ್ಚಿದ್ಲು,
ಕೂಸಿನ ಮಾರಿ ಮ್ಯಾಲ ಅಂಗೈಯಷ್ಟು ನೆಳ್ಳು.
ಆಮ್ಯಾಲ ಅದೂ ಇಲ್ಲ.

ಕಂಬ ನಿಂತೈತಿ, ಕಂಬದ ನೆಳ್ಳಿಲ್ಲ.
ನನ್ನ ಕಾಲಾಗ ನಂದೂ ಇಲ್ಲ.
"ಇವತ್ತ ಶೂನ್ಯ ನೆರಳಿನ ದಿನ ರೀ," ಅಂದ ಫೇಲಾದ ಹುಡುಗ,
"ಸೂರ್ಯ ಬರೋಬ್ಬರಿ ನೆತ್ತಿ ಮ್ಯಾಲ. ವರ್ಷಕ್ಕ ಎರಡ ಸಲ."
ಏನ ಖುಷಿ ಅವಂಗ! ಪೆನ್ನು ನೆಟ್ಟಗ ಹಿಡದು ತೋರಿಸಿದ.
"ಇದನ್ನ ಪರೀಕ್ಷಾದಾಗ ಕೇಳಂಗಿಲ್ಲೇನಪಾ?" ಅಂದ ಹುಸೇನಸಾಬ.
"ಇದು ವಿಜ್ಞಾನ. ನಾ ಬಿದ್ದದ್ದು ಗಣಿತದಾಗ."

ತುಳಜಾಬಾಯಿ ಗಂಟು ಬಿಚ್ಚಿದ್ಲು.
ಬೈಕೋತ ಬಿಚ್ಚಿದ್ಲು,
ಬಸ್ಸಿಗೆ, ಬಿಸಲಿಗೆ, ಬೇವು ಕಡದವರ ಮನಿತನಕ್ಕ.
ಮೂರು ಸೀರಿ ಸರಿಸಿ ನಾಲ್ಕನೇದು ತಗದ್ಲು,
ದಾಳಿಂಬರ ಬಣ್ಣ, ತೋಪತೆನಿ ಸೆರಗು.
"ಇದರ ನೇಯಿಗಿ ತಪ್ಪೈತಿ, ಹೆಂಗೂ ಹೋಗಂಗಿಲ್ಲ. ಹಿಡೀರಿ.
ಬೆವರು ಹತ್ತಿದ್ರ ನೋಡ್ರಿ ಮತ್ತ."

ನಾಲ್ಕು ಮೂಲಿ: ಗೌಂಡಿಗಳು, ಹುಡುಗ, ನಾನು.
ಎತ್ತಿ ಹಿಡದಾಗ ಒಳಗೆಲ್ಲಾ ಕೆಂಪು.
ಹುಸೇನಸಾಬನ ಬಿಳಿ ಗಡ್ಡ ಕೆಂಪು,
ಕೂಸಿನ ಉಗುರು ಕೆಂಪು,
ಸೌತಿಕಾಯಿ ಸೈತ.
ತಂಪು ಅನಬ್ಯಾಡ್ರಿ. ತಂಪಲ್ಲ ಅದು.
ಸುಡೂದು ಒಂದು ತೊಲಿ ಕಮ್ಮಿ, ಅಷ್ಟ.
ತೂಕದಾಂವ ಹೇಳತೀನಿ,
ತೊಲಿ ಅಂದ್ರ ಸಣ್ಣದಲ್ಲ.

ಅಷ್ಟರಾಗ ಬಸ್ಸು ಬಂತು.
ಡ್ರೈವರ ನಿಧಾನ ಮಾಡಿ ನಮ್ಮನ್ನ ನೋಡಿದ,
ಯಾರದೋ ಮದವಿ ದಿಬ್ಬಣ ಅಂತ ತಿಳದನೇನೋ,
ಹಾರ್ನು ಹೊಡದು, ಹಲ್ಲು ಕಿಸದು, ಬಾಜೂಕ ಹಾದು ಹೋದ.
ನಿಲ್ಲಸಾಕ ಯಾರ ಕೈಯೂ ಖಾಲಿ ಇರಲಿಲ್ಲ.

ಮೊದಲ ನಕ್ಕಾಂವ ಗೌಂಡಿ,
ಅಲ್ಲೀತನಕ ತುಟಿ ಬಿಚ್ಚದಾಂವ.
ಕೂಸು ಮಲಗಿತ್ತು.
ಸೀರಿ ಅಂಚಿನಾಚೆ, ಕಂಬದ ಬುಡಕ್ಕ, ಮೂಡಣದ ಕಡಿಗೆ
ಒಂದು ಬಟ್ಟು ನೆಳ್ಳು ಹುಟ್ಟಿತ್ತು.
ತುಳಜಾಬಾಯಿ ಅದನ್ನ ನೋಡಿದ್ಲು,
ಸೀರಿ ಮಾತ್ರ ಇಳಿಸು ಅನಲಿಲ್ಲ.