ಡ್ರಾಯರಿನಲ್ಲಿ ನಾಗರ

ಮಾರ್ಚ್ ಹನ್ನೆರಡಕ್ಕೆ ಕಾಗದದ ಗಿರಣಿ
ಕೊನೆಯ ಸಲ ಕೂಗಿತು. ಊರ ನಾಯಿಗಳು
ರೂಢಿಯಂತೆ ಮರುಕೂಗು ಕೊಟ್ಟವು.
ಲೈಲ್ ಬಂದು ಬೂಟು ಬಾಗಿಲಾಚೆ ಬಿಟ್ಟ.
ಇಪ್ಪತ್ತೊಂದು ವರ್ಷ ಅಂಗಿಗೆ ಹತ್ತಿದ ಗಂಧಕದ ವಾಸನೆ
ಇನ್ನೆರಡು ಒಗೆತಕ್ಕೆ ಹೋದೀತು.

ಸಂಬಳ ಹೋದದ್ದು ತಿಳಿಯಲು ತಿಂಗಳು ಬೇಕು,
ವಿಮೆ ಹೋಗುವುದು ಅದೇ ರಾತ್ರಿ ಹನ್ನೆರಡಕ್ಕೆ.

ಅದಕ್ಕೇ ಹಿಂದಿನ ವಾರವೆಲ್ಲ ಓಡಾಡಿದೆವು,
ಕರೆಂಟು ಹೋದ ಮನೆಯವರು ಫ್ರಿಜ್ಜಿನಲ್ಲಿದ್ದದ್ದನ್ನೆಲ್ಲ
ಕೆಡುವ ಮುನ್ನ ತಿಂದು ಮುಗಿಸುವ ಹಾಗೆ.
ಗ್ರೇಟಾಳಿಗೆ ಕನ್ನಡಕ, ನನ್ನ ಎರಡು ಹಲ್ಲಿಗೆ ಸಿಮೆಂಟು,
ಆರ್ಲೋನ ಉಬ್ಬಸದ ಪಂಪು ಮೂರು ತಿಂಗಳಿಗೆ.
ಲೈಲ್‌ನ ಕಿವಿ ಮಾತ್ರ ಉಳಿದುಹೋಯಿತು.
ಊರಿಗೆ ಊರೇ ಸರದಿಯಲ್ಲಿತ್ತು;
ದಂತವೈದ್ಯರಲ್ಲಿ ರಾತ್ರಿ ಪಾಳಿಯವರೆಲ್ಲ
ಬಾಯಿ ತೆರೆದು ಕೂತಿದ್ದರು, ಮಾತಿಲ್ಲದೆ.

ಆಮೇಲೆ ಬಂತು ಲಕೋಟೆ, ದಪ್ಪನೆಯದು.
ಹಳೆಯ ವಿಮೆಯನ್ನೇ ಇಟ್ಟುಕೊಳ್ಳಬಹುದಂತೆ,
ಪೂರ್ತಿ ಹಣ ಇನ್ನು ನಮ್ಮದೇ:
ತಿಂಗಳಿಗೆ ಎರಡು ಸಾವಿರದ ನೂರ ಹದಿನೆಂಟು ಡಾಲರು.
ಈ ಕಾನೂನಿಗೆ ಇಟ್ಟ ಹೆಸರು ಕೋಬ್ರಾ.
ಯಾರೋ ಗುಮಾಸ್ತ ಅಕ್ಷರ ಜೋಡಿಸುತ್ತ ಜೋಡಿಸುತ್ತ
ಕೊನೆಗೆ ನೋಡಿದರೆ ಹೆಡೆ ಎತ್ತಿತ್ತೋ ಏನೋ.
ನಮ್ಮ ವಿಸ್ಕಾನ್ಸಿನ್ನಿನಲ್ಲಿ ನಾಗರಹಾವಿಲ್ಲ,
ಈ ಚಳಿಗೆ ಬದುಕಲಾರದು.
ಅಂಚೆಯಲ್ಲಿ ಬರುತ್ತದೆ.

ಗ್ರಂಥಾಲಯದ ಡೋರೀನ್, ಹಿಂದೆ ಯೂನಿಯನ್ನಿನ ಲೆಕ್ಕ ಬರೆದವಳು,
ಕನ್ನಡಕವನ್ನು ಮೂಗಿನ ತುದಿಗಿಳಿಸಿ ಪಿಸುಗುಟ್ಟಿದಳು:
"ಸಹಿ ಹಾಕಬೇಡ. ಹರಿಯಲೂ ಬೇಡ.
ಅರವತ್ತು ದಿನ ಡ್ರಾಯರಿನಲ್ಲಿಡು.
ಯಾರಾದರೂ ಬಿದ್ದರೆ, ಮುರಿದುಕೊಂಡರೆ, ಆಗ ಹಾಕು,
ಹಿಂದಿನ ದಿನಕ್ಕೂ ಸಲ್ಲುತ್ತದೆ.
ಬೀಳದಿದ್ದರೆ ಕಾಸು ಉಳಿಯಿತು."
ಹಾವೂ ಸಾಯಬಾರದು, ಕೋಲೂ ಮುರಿಯಬಾರದು.
ಹಳೇ ಬ್ಯಾಟರಿ, ರಬ್ಬರ್ ಬ್ಯಾಂಡು, ಚಮಚಗಳ ಕೆಳಗೆ
ಅದನ್ನು ಮಲಗಿಸಿದೆ. ಸೌಟು ತೆಗೆಯುವಾಗೆಲ್ಲ
ಕೈ ಒಂದಿಷ್ಟು ಮೆಲ್ಲಗೆ.

ರಾತ್ರಿ ಸರ್ಕಾರದ ಅರ್ಜಿ ತುಂಬಿದೆವು.
ಹೊಸ ವಿಮೆ ಏಪ್ರಿಲ್ ಒಂದರಿಂದ.
"ಈ ವರ್ಷ ನಿಮ್ಮ ಮನೆಯ ಆದಾಯ ಎಷ್ಟಾಗಬಹುದು?"
ಲೈಲ್ ಪರದೆಯನ್ನೇ ನೋಡುತ್ತ ಕೂತ,
ಎದ್ದುಹೋಗಿ ಪಾತ್ರೆ ತೊಳೆದ, ತೊಳೆದದ್ದನ್ನೇ.
ಓಡುವ ಹಾಳೆಯ ತೇವವನ್ನು ಬೆರಳಲ್ಲಿ ಮುಟ್ಟಿ
ಕೂದಲೆಳೆ ಲೆಕ್ಕ ಹೇಳುತ್ತಿದ್ದ ಮನುಷ್ಯ.
"ಬರಿ, ಏನಾದರೂ ಒಂದು" ಅಂದ.
ಹೆಚ್ಚು ಬರೆದರೆ ಕಂತು ಏರುತ್ತದೆ,
ಕಡಿಮೆ ಬರೆದರೆ ಮುಂದಿನ ವರ್ಷ ವಾಪಸು ಕೇಳುತ್ತಾರೆ.
ನನ್ನ ಸ್ಕೂಲ್ ಬಸ್ಸಿನ ಸಂಬಳ ಬರೆದೆ,
ಅವನ ಹೆಸರಿನೆದುರು ಒಂದು ಅಂದಾಜು.
ಅಂದಾಜಲ್ಲ, ಹರಕೆ.

ನಡುವೆ ಹತ್ತೊಂಬತ್ತು ದಿನ.
ಗ್ಯಾರೇಜಿನ ಮಾಡು ಹತ್ತಬೇಡಿ,
ನದಿಯ ಮಂಜುಗಡ್ಡೆ ಮೆತ್ತಗಾಗಿದೆ, ಅತ್ತ ಸುಳಿಯಬೇಡಿ,
ಇಳಿಜಾರಿನಲ್ಲಿ ಸೈಕಲ್ ಬೇಡ.
ಗ್ರೇಟಾ ಮೆಟ್ಟಿಲನ್ನೂ ಕಂಬಿ ಹಿಡಿದು ಇಳಿದಳು, ಮುದುಕಿಯ ಹಾಗೆ.
ಲೈಲ್ ಕಟ್ಟಿಗೆ ಒಡೆಯುವಾಗ ಕಿಟಕಿಗೆ ನಿಂತು
ನಾನು ಕೊಡಲಿಯೇಟು ಎಣಿಸಿದೆ.
ಇಪ್ಪತ್ತಾರನೇ ತಾರೀಕು ನನ್ನ ಎಡ ಎದೆಯಲ್ಲಿ ಚಳುಕು.
ಮಕ್ಕಳೆಲ್ಲ ಇಳಿದ ಮೇಲೆ ಖಾಲಿ ಬಸ್ಸಿನಲ್ಲಿ
ಸ್ಟೇರಿಂಗಿಗೆ ಹಣೆ ಹಚ್ಚಿ ಕೂತೆ, ಐದು ನಿಮಿಷ.
ಗ್ಯಾಸು ಅಂದುಕೊಂಡೆ. ಗ್ಯಾಸೇ ಇರಬೇಕು.
ಈವರೆಗೆ ಯಾರಿಗೂ ಹೇಳಿಲ್ಲ.

ಏಪ್ರಿಲ್ ಒಂದು. ಆರ್ಲೋ ಹಾಸಿಗೆಯಿಂದಲೇ ಕೂಗಿದ:
"ಅಮ್ಮಾ, ಇವತ್ತಿನಿಂದ ಬೀಳಬಹುದಾ?"
ಬೀಳಬಹುದು ಮಗಾ. ಆದರೆ ಮೊದಲ ಎಂಟು ಸಾವಿರ ಡಾಲರಿನ ತನಕ
ನಮ್ಮ ಖರ್ಚಿನಲ್ಲೇ ಬೀಳಬೇಕು,
ಅದರಾಚೆಗೆ ಬಿದ್ದರೆ ಅವರು ಹಿಡಿಯುತ್ತಾರೆ.
ಎಡಗಾಲಿನ ಬೂಟು ಹುಡುಕುತ್ತ ಅವನು ಯೋಚಿಸಿದ.
"ಹಾಗಾದರೆ ಮೆಲ್ಲಗೇ ಬೀಳ್ತೀನಿ."

ಲೈಲ್‌ಗೆ ಕೇಳಿಸಲಿಲ್ಲ, ಆ ಕಡೆಯ ಕಿವಿ.
ಏನಂದ, ಅಂತ ನನ್ನ ಮುಖ ನೋಡಿದ.