ಬೀಳಿಸುವವಳು

ಮೂವತ್ತೊಂದು ವರ್ಷದಿಂದ ನನ್ನ ಉದ್ಯೋಗ ಬೀಳಿಸುವುದು.
ಇಲ್ಲಿ, ಔಲು ಊರಿನ ಕಿಟಕಿಯಿಲ್ಲದ ಕೋಣೆಯಲ್ಲಿ,
ಸೊಂಟದೆತ್ತರದಿಂದ, ಕಿವಿಯೆತ್ತರದಿಂದ,
ಕಾಂಕ್ರೀಟಿನ ಮೇಲೆ, ಬರ್ಚ್ ಹಲಗೆಯ ಮೇಲೆ,
ಮೂಲೆ ಕೆಳಗಾಗಿ, ಮುಖ ಕೆಳಗಾಗಿ.
ಜೀನ್ಸ್ ತೊಡಿಸಿದ ರಬ್ಬರಿನ ಅಂಡೊಂದಿದೆ;
ಹಿಂಜೇಬಿನಲ್ಲಿ ಫೋನಿಟ್ಟುಕೊಂಡು
ದಿನಕ್ಕೆ ಸಾವಿರ ಸಲ ಕೂರುತ್ತದೆ,
ಪಾಪ, ಒಮ್ಮೆಯೂ ದಣಿವಾರಿಸಿಕೊಳ್ಳದೆ.

ಸೋಮವಾರ ಏಲಿಸ್ ಬಂದ,
ಹೆಲ್ಸಿಂಕಿಯಿಂದ ರಾತ್ರಿ ರೈಲಿನಲ್ಲಿ,
ಮಡಿಲಲ್ಲಿ ಪೆಟ್ಟಿಗೆ, ಎಳೆಗೂಸನ್ನು ತಂದ ಹಾಗೆ.
ಒಳಗಿದ್ದದ್ದು, ಏನೆನ್ನಲಿ, ಈರುಳ್ಳಿಯ ಒಳಪೊರೆ:
ಗುಂಡಿಯಿಲ್ಲ, ತೂತಿಲ್ಲ, ಹಿಂದುಮುಂದಿಲ್ಲ,
ಸುತ್ತಿದರೆ ಬಳೆ, ಬಿಡಿಸಿದರೆ ಹಾಳೆ,
ಇತ್ತ ಹಿಡಿದರೆ ಅತ್ತ ಕಾಣುವ ಗಾಜು.
"ಇನ್ನು ಹದಿನೈದು ವರ್ಷಕ್ಕೆ ಎಲ್ಲರ ಕೈಲೂ ಇದೇ" ಎಂದ.
ಕೂಸು ಹುಟ್ಟುವ ಮೊದಲೇ ಕುಲಾವಿ, ಅಂದುಕೊಂಡೆ.

ಕೇಳಿದೆ: ಕೈಗವಸು ಹಾಕಿದವರು?
ಪೈಕ್ ಮೀನು ಸೀಳುವಾಗ ಕರೆ ಬಂದರೆ?
ಬ್ಯಾಟರಿ ಸತ್ತರೆ ಎಲ್ಲಿಂದ ಬಿಚ್ಚುವುದು?
ನನ್ನ ಗಂಡ ರೈಮೊ, ಅರ್ಧ ಕಣ್ಣು ಹೋದವನು,
ಐದರ ಗುಂಡಿಯ ಮೇಲಿನ ಚಿಕ್ಕ ಗುಬುಟು ಸವರಿ
ತಂಗಿಯ ನಂಬರು ಒತ್ತುತ್ತಾನೆ. ಅವನು?
ಪ್ರತಿಯೊಂದಕ್ಕೂ "ಅದು ಮುಂದಿನ ಹಂತ" ಎಂದ.
ಅವನ ಉಗುರು ನೋಡಿದೆ, ಬುಡದವರೆಗೆ ಕಡಿದುಕೊಂಡಿದ್ದ.

ಯಂತ್ರದ ಚಿಮಟಕ್ಕೆ ಕೊಡುವ ಮೊದಲು
ಒಂದು ಗಳಿಗೆ ಅಂಗೈ ಮೇಲಿಟ್ಟುಕೊಂಡೆ.
ಭಾರವೇ ಇಲ್ಲ.
ಅದರಡಿಯಲ್ಲಿ ನನ್ನ ರೇಖೆಗಳು, ಹಳೆಯ ಸುಟ್ಟ ಕಲೆ,
ಹೊಳೆನೀರಿನಡಿಯ ಕಲ್ಲುಗಳ ಹಾಗೆ ತಣ್ಣಗೆ ಬೆಳಗಿದವು.
ಈ ಕೈಯನ್ನು ನಾನೇ ಇಷ್ಟು ದಿನ ನೋಡಿರಲಿಲ್ಲ.

ಆಮೇಲೆ ಬೀಳಿಸಿದೆ. ಸಂಬಳ ಅದಕ್ಕೇ.

ಸದ್ದೂ ಚಂದವಿತ್ತು, ಸಣ್ಣ ಚಮಚ ಜಾರಿದಷ್ಟು.
ಕೈ ಕುಯ್ಯುತ್ತೆ ಅಂದರೂ ಕೇಳದೆ
ಏಲಿಸ್ ಬಗ್ಗಿ ಚೂರುಗಳನ್ನು ಆಯತೊಡಗಿದ.
ವರದಿಯಲ್ಲಿ ಬರೆದೆ: ಬಿತ್ತು. ಮೊದಲ ಸಲಕ್ಕೇ ಒಡೆಯಿತು.
ಮೂರನೆಯದೊಂದು ವಾಕ್ಯವಿತ್ತು;
ಅದಕ್ಕೆ ನಮೂನೆಯಲ್ಲಿ ಅಂಕಣವಿಲ್ಲ.

ಸಂಜೆ ಬಸ್ ನಿಲ್ದಾಣ. ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ.
ತಡವಾಗುತ್ತೆ ಅಂತ ರೈಮೊಗೆ ಹೇಳೋಣವೆಂದು
ನನ್ನ ಇಟ್ಟಿಗೆಯಂಥ ಫೋನು ತೆಗೆದೆ.
ನೂರಾರು ಸಲ ಬಿದ್ದು ಎದ್ದ ಗಟ್ಟಿಗ,
ಚಳಿಗೆ ಸತ್ತು ಕೂತಿದ್ದ.
ಕೋಟು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ಕಾದೆ.

ಆಚೆ ತುದಿಗೆ ಏಲಿಸ್,
ಬ್ಯಾಂಡೇಜು ಸುತ್ತಿದ ಹೆಬ್ಬೆರಳಲ್ಲಿ
ನಿಲ್ದಾಣದ ಗಾಜಿಗೆ ಹಿಡಿದ ಹಿಮದ ಮೇಲೆ
ಇನ್ನೊಂದನ್ನು ಬರೆಯುತ್ತಿದ್ದ.
ನಾನು ನೋಡುತ್ತಿರುವುದು ತಿಳಿಯದೆ
ಅದರ ಒಂದು ಬದಿಗೆ ಚಿಕ್ಕ ಗುಬುಟು ಇಟ್ಟ.
ಒರೆಸಿದ.
ಮತ್ತೆ ಇಟ್ಟ.